ಗಿಟಾರಿನಲ್ಲಿ 'ಮಿಸ್ಟಿ': ಸ್ವರಗಳು ಸರಿಯಾಗಿವೆ, ಹಾಡು ಮಾತ್ರ ಕೇಳಿಸುತ್ತಿಲ್ಲ

ಕಾಳಿತೀರ (ಕಾರವಾರ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪಿಯಾನೋ ವಾದಕ ಎರೋಲ್ ಗಾರ್ನರ್ 1954ರಲ್ಲಿ ರಚಿಸಿದ 'ಮಿಸ್ಟಿ' ಎಂಬ ಜಾಝ್ ಬ್ಯಾಲಡನ್ನು (ನಿಧಾನ ಲಯದ ಹಾಡನ್ನು) ಗಿಟಾರಿನಲ್ಲಿ ಒಬ್ಬನೇ, ಅಂದರೆ ಧಾಟಿ ಮತ್ತು ಕಾರ್ಡುಗಳೆರಡನ್ನೂ (ಕಾರ್ಡು ಎಂದರೆ ಒಂದೇ ಸಲ ಮೀಟುವ ಸ್ವರಗುಚ್ಛ) ಒಟ್ಟಿಗೆ ನುಡಿಸುವಂತೆ ಕಲಿಯುತ್ತಿದ್ದೇನೆ. ಇದುವರೆಗೆ ನಾನು ನುಡಿಸಿದ್ದು ಹಳೆಯ ಹಿಂದಿ ಮತ್ತು ಕನ್ನಡ ಚಿತ್ರಗೀತೆಗಳಿಗೆ ಹಾಗೂ ಇಗರ್ಜಿಯ ಗಾಯನ ವೃಂದಕ್ಕೆ ಕಾರ್ಡಿನ ಸಾಥ್ ಮಾತ್ರ. ಈಗ ಒಂದು ವೀಡಿಯೊದಿಂದ ಟ್ಯಾಬ್ (ಯಾವ ತಂತಿಯನ್ನು ಎಷ್ಟನೆಯ ಫ್ರೆಟ್ಟಿನಲ್ಲಿ, ಅಂದರೆ ಕುತ್ತಿಗೆಯ ಎಷ್ಟನೆಯ ಮನೆಯಲ್ಲಿ, ಒತ್ತಬೇಕೆಂದು ತೋರಿಸುವ ಬರಹ) ಬರೆದುಕೊಂಡು, ಪ್ರತಿಯೊಂದು ಬೆರಳೂ ಹೇಳಿದ ಫ್ರೆಟ್ಟಿನಲ್ಲೇ ಬೀಳುವಷ್ಟು ಅಭ್ಯಾಸ ಮಾಡಿದ್ದೇನೆ. ಆದರೂ ಮನೆಯವರಿಗೆ ಅದು ಒಂದರ ಹಿಂದೆ ಒಂದು ಬರುವ ಕಾರ್ಡುಗಳ ಸಾಲಿನಂತೆ ಕೇಳುತ್ತದೆಯೇ ಹೊರತು ಹಾಡಿನಂತೆ ಕೇಳುವುದಿಲ್ಲ. ಮಾತು ಎಲ್ಲಿ ಮುಗಿಯಿತು, ಎಲ್ಲಿ ಮತ್ತೆ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ.

ಕೇಳಬೇಕಾದದ್ದು ಮೂರು. ಮೊದಲು ಧಾಟಿಯನ್ನು ಕಲಿಯಬೇಕೋ, ಕಾರ್ಡುಗಳನ್ನೋ? ಮೂಲ ಶ್ರುತಿಯಾದ ಈ-ಫ್ಲಾಟ್ ಗಿಟಾರಿಗೆ ಕಷ್ಟವಾದ್ದರಿಂದ ಬೇರೆ ಶ್ರುತಿಗೆ ಸ್ಥಳಾಂತರಿಸುವುದು ಸರಿಯೇ? ಇಷ್ಟು ನಿಧಾನದ ಲಯದಲ್ಲಿ ಹಾಡು ಕುಸಿದು ಬೀಳದಂತೆ ಹಿಡಿದಿಡುವುದು ಹೇಗೆ? ಊರಿನಲ್ಲಿ ಜಾಝ್ ಹೇಳಿಕೊಡುವ ಗುರುಗಳು ನನಗೆ ಸಿಕ್ಕಿಲ್ಲ. ಪ್ರತಿ ವಾರ ಗೋವಾಕ್ಕೆ ಹೋಗಿಬರುವುದಕ್ಕೆ ಕೆಲಸ ಬಿಡುವು ಕೊಡುವುದಿಲ್ಲ.

ಅಂಕೋಲೆಯ ಶ್ರೋತೃ (ಅಂಕೋಲಾ)

ಬೆರಳುಗಳು ಸರಿಯಾಗಿ ಬೀಳುತ್ತಿವೆ ಎಂದರೆ ಮುಕ್ಕಾಲು ಪಾಲು ಕೆಲಸ ಮುಗಿದಿದೆ ಎಂದೇ ನನ್ನ ಅಭಿಪ್ರಾಯ. ಅದೇ ಟ್ಯಾಬನ್ನು ಇನ್ನಷ್ಟು ಕಾಲ ನುಡಿಸಿ, ಉಳಿದದ್ದು ತಾನಾಗಿಯೇ ಬರುತ್ತದೆ.

ಮಡಗಾಂವ್ ಗಾಡಿ (ಕಾರವಾರ, ಸದ್ಯ ಗೋವಾ)

ತಾನಾಗಿಯೇ ಬರುವುದಿಲ್ಲ ಎಂದು ಹೇಳಲೇಬೇಕಾಗಿದೆ. ನಾನು ಹೋಟೆಲುಗಳಲ್ಲಿ ವಾದ್ಯವೃಂದದೊಡನೆ ಗಿಟಾರ್ ನುಡಿಸುತ್ತೇನೆ. ಈ ಹಾಡನ್ನು ಕೇಳುವವರು ಇಂದಿಗೂ ಇದ್ದಾರೆ. ಟ್ಯಾಬಿನಿಂದ ಕಲಿತವರು ಒಂದು ಕಾರ್ಡ್ ತಪ್ಪಿದೊಡನೆ ನಿಂತುಬಿಡುವುದನ್ನು ಅಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಅವರ ಕೈಗೆ ಜಾಗ ಗೊತ್ತಿರುತ್ತದೆ, ಕಿವಿಗೆ ಮುಂದಿನ ಸ್ವರ ಗೊತ್ತಿರುವುದಿಲ್ಲ.

ಕಾಳಿತೀರ ಅವರೇ, ಒಂದು ಪರೀಕ್ಷೆ ಮಾಡಿ ನೋಡಿ. ಗಿಟಾರನ್ನು ಪಕ್ಕಕ್ಕಿಟ್ಟು ಇಡೀ ಹಾಡನ್ನು, ನಾಲ್ಕು ಎಣಿಕೆಯ 32 ಬಾರುಗಳನ್ನೂ (ತಾಳದ ಆವರ್ತಗಳನ್ನೂ), ಬಾಯಲ್ಲಿ ಗುನುಗಲು ಸಾಧ್ಯವೇ? ನಡುವೆ ಎಲ್ಲಿ ತಡವರಿಸುತ್ತೀರೋ ಗಿಟಾರಿನಲ್ಲೂ ಅಲ್ಲೇ ಹಾಡು ಒಡೆಯುತ್ತಿರುತ್ತದೆ. ಗಾರ್ನರ್ ಈ ಧಾಟಿಯನ್ನು ಕಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೋದಿಂದ ಶಿಕಾಗೋಗೆ ಹೋಗುವ ವಿಮಾನದಲ್ಲಿ, ಕಿಟಕಿಯಾಚೆಯ ಮಂಜಿನಲ್ಲಿ ಕಾಮನಬಿಲ್ಲನ್ನು ನೋಡುತ್ತ. ಮುಂದೆ ಪಿಯಾನೋ ಇರಲಿಲ್ಲ, ಅವನಿಗೆ ಸ್ವರಲಿಪಿ ಬರೆಯಲು ಬರುತ್ತಲೂ ಇರಲಿಲ್ಲ. ನೆಲಕ್ಕಿಳಿಯುವವರೆಗೆ ಹಾಡು ಉಳಿದದ್ದು ಅವನ ತಲೆಯಲ್ಲಿ ಮಾತ್ರ. ಹಾಗೆ ಹುಟ್ಟಿದ ಹಾಡನ್ನು ಬೆರಳಿನ ಜಾಗಗಳಿಂದ ಕಲಿಯಲು ಹೊರಡುವುದು ದಾರಿ ತಪ್ಪಿದಂತೆಯೇ.

ಶಿರಸಿ ಪೇಟಿ (ಶಿರಸಿ)

ನಾನು ಹಾರ್ಮೋನಿಯಂ ನುಡಿಸುವವನು, ಹಿಂದೂಸ್ತಾನಿ ಸಂಗೀತವನ್ನು ಕಲಿತವನು. ಜಾಝ್ ನನ್ನ ಕ್ಷೇತ್ರವಲ್ಲವಾದರೂ ಮೇಲಿನ ಮಾತು ಓದಿ ಕುತೂಹಲದಿಂದ ಗಾರ್ನರನ ಮೂಲ ಧ್ವನಿಮುದ್ರಣವನ್ನು ಕೇಳಿದೆ. ಈ-ಫ್ಲಾಟನ್ನು ಷಡ್ಜವೆಂದು ಇಟ್ಟುಕೊಂಡರೆ ಹಾಡು ಆರಂಭವಾಗುವುದು ಪಂಚಮದಿಂದ. ಅಲ್ಲಿಂದ ಗಾಂಧಾರಕ್ಕೆ, ಗಾಂಧಾರದಿಂದ ಮಂದ್ರ ನಿಷಾದಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಪ, ಗ, ಮಂದ್ರ ನಿ. ಷಡ್ಜಕ್ಕೆ ಅರ್ಧ ಸ್ವರದಷ್ಟು ಹತ್ತಿರ ಬಂದು, ಷಡ್ಜವನ್ನು ಮುಟ್ಟದೆ ನಿಷಾದದ ಮೇಲೆ ಅಷ್ಟು ಹೊತ್ತು ನಿಲ್ಲುವ ಧೈರ್ಯ ಬಹಳ ದೊಡ್ಡದು. ಇಂಗ್ಲಿಷ್ ಸಾಹಿತ್ಯ ಬಾಯಿಗೆ ಹೊಂದದಿದ್ದರೆ ಕಾಳಿತೀರ ಅವರು ಸರಿಗಮದಲ್ಲೇ ಹಾಡಿಕೊಳ್ಳಬಹುದು. ನಮ್ಮ ಜಿಲ್ಲೆಯಲ್ಲಿ ಭಜನೆ, ಯಕ್ಷಗಾನದ ಆಟ, ಸಂಗೀತ ಕಛೇರಿಗಳ ನಡುವೆ ಬೆಳೆದ ಯಾರಿಗೂ ಅದು ಕಷ್ಟವಾಗಲಾರದು.

ಹೊನ್ನಾವರದ ಅಕ್ಕೋರು (ಹೊನ್ನಾವರ)

ಪೇಟಿಯವರು ಹೇಳಿದ್ದು ಅತ್ಯಂತ ಸರಿಯಾಗಿದೆ. ನಾನು ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ. ಸಾಹಿತ್ಯದ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. 'ಮಿಸ್ಟಿ' ಮೊದಲು ವಾದ್ಯಸಂಗೀತವಾಗಿಯೇ ಇತ್ತು. ಜಾನಿ ಬರ್ಕ್ ಅದಕ್ಕೆ ಸಾಹಿತ್ಯ ಬರೆದದ್ದು ಆಮೇಲೆ, ಮತ್ತು ಗಾಯಕ ಜಾನಿ ಮ್ಯಾಥಿಸ್ 1959ರಲ್ಲಿ ಹಾಡಿದ ಮೇಲೆ ಅದು ಮನೆಮಾತಾಯಿತು. ಸಾಹಿತ್ಯ ಆಮೇಲಿನದಾದರೂ ವಾದ್ಯ ನುಡಿಸುವವರು ಅದನ್ನು ತಿಳಿದಿರಬೇಕು, ಏಕೆಂದರೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಗಿಟಾರಿಗೆ ಉಸಿರು ಬೇಕಿಲ್ಲ, ಆದ್ದರಿಂದಲೇ ಗಿಟಾರ್ ನುಡಿಸುವವರು ನಿಲ್ಲುವುದನ್ನು ಮರೆಯುತ್ತಾರೆ. ಜಾಝ್ ಗಾಯಕಿ ಎಲ್ಲಾ ಫ಼ಿಟ್ಝ್‌ಜೆರಾಲ್ಡ್ 1960ರಲ್ಲಿ ಪಾಲ್ ಸ್ಮಿತ್ ಅವರ ಪಿಯಾನೋ ಒಂದನ್ನೇ ಜೊತೆಗಿಟ್ಟುಕೊಂಡು ಇದನ್ನು ಹಾಡಿದ್ದಾರೆ. ಅದನ್ನು ಕೇಳಿ, ಅವರು ಉಸಿರು ಎಳೆದುಕೊಳ್ಳುವ ಜಾಗಗಳನ್ನು ಕಾಗದದ ಮೇಲೆ ಗುರುತು ಮಾಡಿಕೊಳ್ಳಿ.

ಅಂಕೋಲೆಯ ಶ್ರೋತೃ (ಅಂಕೋಲಾ)

ಅಕ್ಕೋರೇ, ಗಾರ್ನರನಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಜಾಝ್ ಗಿಟಾರಿನ ದೊಡ್ಡ ಹೆಸರಾದ ವೆಸ್ ಮಾಂಟ್ಗೊಮೆರಿಗೂ ಬರುತ್ತಿರಲಿಲ್ಲ. ಹಾಗಿರುವಾಗ ಇಷ್ಟೊಂದು ವಿಶ್ಲೇಷಣೆ ಯಾಕೆ ಬೇಕು? ವೀಡಿಯೊ ನೋಡಿ ಅನುಕರಿಸುವುದೂ ಕೇಳಿ ಕಲಿಯುವ ಒಂದು ಬಗೆಯೇ ಅಲ್ಲವೇ?

ಮಡಗಾಂವ್ ಗಾಡಿ (ಕಾರವಾರ, ಸದ್ಯ ಗೋವಾ)

ಅಲ್ಲ, ಅದು ನೋಡಿ ಕಲಿಯುವ ಬಗೆ. ವೆಸ್ ಮಾಂಟ್ಗೊಮೆರಿ ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ನನ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ಆ ಏಕವಾದನಗಳನ್ನು ಸ್ವರಕ್ಕೆ ಸ್ವರ ಕಿವಿಯಿಂದಲೇ ಹಿಡಿದನು. ತಟ್ಟೆಯಲ್ಲಿ ಬೆರಳು ಕಾಣುವುದಿಲ್ಲ. ಪ್ರತಿ ಸ್ವರವನ್ನೂ ಅವನು ಮೊದಲು ತಲೆಯೊಳಗೆ ಹಿಡಿದು, ಆಮೇಲೆ ಫ್ರೆಟ್ಟಿನ ಮೇಲೆ ಹುಡುಕಬೇಕಾಯಿತು. ಸ್ವರಲಿಪಿ ಬಾರದಿರುವುದು ಅವನಿಗೆ ಅಡ್ಡಿಯಾಗಲಿಲ್ಲ, ಏಕೆಂದರೆ ಅದಕ್ಕಿಂತ ಕಷ್ಟದ ಕೆಲಸವನ್ನು ಅವನು ಮಾಡಿಯಾಗಿತ್ತು. ಟ್ಯಾಬ್ ಓದುವವರು ಆ ಎರಡು ಕೆಲಸಗಳಲ್ಲಿ ಒಂದನ್ನೂ ಮಾಡುವುದಿಲ್ಲ.

ದಾಂಡೇಲಿ ಕಾಡು (ದಾಂಡೇಲಿ)

ಮಡಗಾಂವ್ ಗಾಡಿಯವರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ, ಆದರೆ ಕಾರ್ಡುಗಳ ಬಗ್ಗೆ ಯಾರೂ ಇನ್ನೂ ಹೇಳಲಿಲ್ಲ.

ಮಡಗಾಂವ್ ಗಾಡಿ (ಕಾರವಾರ, ಸದ್ಯ ಗೋವಾ)

ಹೇಳುತ್ತೇನೆ, ಸ್ವಲ್ಪ ದೀರ್ಘವಾಗುತ್ತದೆ. ಐದಾರು ತಂತಿಗಳನ್ನು ಒತ್ತುವ ತುಂಬು ಕಾರ್ಡುಗಳನ್ನು ಸದ್ಯಕ್ಕೆ ಬಿಟ್ಟುಬಿಡಿ. ಪ್ರತಿ ಕಾರ್ಡಿನಿಂದ ಮೂರೇ ಸ್ವರಗಳನ್ನು ಇಟ್ಟುಕೊಳ್ಳಿ: ಮೂಲ ಸ್ವರ, ಅದರಿಂದ ಮೂರನೆಯದು, ಏಳನೆಯದು. ಕಾರ್ಡು ಮೇಜರೋ ಮೈನರೋ ಎಂಬುದನ್ನು ಮೂರನೆಯದು ತಿಳಿಸುತ್ತದೆ, ಮುಂದೆ ಎಲ್ಲಿಗೆ ಎಳೆಯುತ್ತದೆ ಎಂಬುದನ್ನು ಏಳನೆಯದು ತಿಳಿಸುತ್ತದೆ. ಉಳಿದದ್ದೆಲ್ಲ ಅಲಂಕಾರ, ಅದನ್ನು ಆಮೇಲೆ ಸೇರಿಸಬಹುದು.

ಮೊದಲ ನಾಲ್ಕು ಬಾರುಗಳನ್ನು ಹೀಗೆ ನುಡಿಸಿ ನೋಡಿ (ತಂತಿಗಳನ್ನು ಅತಿ ತೆಳುವಾದದ್ದರಿಂದ ಎಣಿಸಬೇಕು). ಈ-ಫ್ಲಾಟ್ ಮೇಜರ್ 7ಕ್ಕೆ ಐದನೆಯ ತಂತಿಯ 6ನೇ ಫ್ರೆಟ್, ನಾಲ್ಕನೆಯ ತಂತಿಯ 5, ಮೂರನೆಯ ತಂತಿಯ 7. ಎರಡನೆಯ ಬಾರಿನ ಬಿ-ಫ್ಲಾಟ್ ಮೈನರ್ 7ಕ್ಕೆ ಆರನೆಯ, ನಾಲ್ಕನೆಯ ಮತ್ತು ಮೂರನೆಯ ತಂತಿಗಳಲ್ಲಿ 6ನೇ ಫ್ರೆಟ್. ಅದೇ ಬಾರಿನಲ್ಲಿ ಬರುವ ಈ-ಫ್ಲಾಟ್ 7ಕ್ಕೆ ಮಂದ್ರ ಸ್ವರವನ್ನು ಐದನೆಯ ತಂತಿಯ 6ಕ್ಕೆ ಸರಿಸಿ, ನಾಲ್ಕನೆಯ ತಂತಿಯ ಬೆರಳನ್ನು 5ಕ್ಕೆ ಇಳಿಸಿದರೆ ಸಾಕು. ಮೂರನೆಯ ತಂತಿಯ ಬೆರಳು ಕದಲುವುದೇ ಇಲ್ಲ. ಮೂರನೆಯ ಬಾರಿನ ಎ-ಫ್ಲಾಟ್ ಮೇಜರ್ 7ಕ್ಕೆ ಆರನೆಯ ತಂತಿಯ 4, ನಾಲ್ಕನೆಯದು ಇದ್ದಲ್ಲೇ 5, ಮೂರನೆಯದು 6ರಿಂದ 5ಕ್ಕೆ. ನಾಲ್ಕನೆಯ ಬಾರಿನಲ್ಲಿ ಎ-ಫ್ಲಾಟ್ ಮೈನರ್ 7 ಬರುತ್ತದೆ. ಆ ಮೂರೂ ತಂತಿಗಳಲ್ಲಿ 4ನೇ ಫ್ರೆಟ್. ಕೊನೆಗೆ ಡಿ-ಫ್ಲಾಟ್ 7: ಐದನೆಯ ತಂತಿಯ 4, ನಾಲ್ಕನೆಯದರ 3, ಮೂರನೆಯದು ಮತ್ತೆ ಇದ್ದಲ್ಲೇ 4.

ಈಗ ಮಂದ್ರ ಸ್ವರಗಳನ್ನೂ ಬಿಟ್ಟು, ನಾಲ್ಕು ಮತ್ತು ಮೂರನೆಯ ತಂತಿಗಳನ್ನು ಮಾತ್ರ ಮೀಟಿ. ಎರಡು ಸ್ವರಗಳು ಅರ್ಧರ್ಧ ಸ್ವರದಂತೆ, ಹೆಚ್ಚಾಗಿ ಒಂದು ನಿಂತಾಗ ಇನ್ನೊಂದು ಇಳಿಯುತ್ತ ಸಾಗುತ್ತವೆ. ಟ್ಯಾಬಿನಲ್ಲಿ ಆರು ಬೇರೆ ಬೇರೆ ಕಾರ್ಡುಗಳಾಗಿ ಕಂಡದ್ದು ನಿಜವಾಗಿ ಎರಡು ದನಿಗಳ ಒಂದೇ ನಡಿಗೆ. ಅದನ್ನು ಕಿವಿ ಹಿಡಿದ ಮೇಲೆ ಕಾರ್ಡಿನ ಹೆಸರು ಮರೆತರೂ ಕೈ ನಿಲ್ಲುವುದಿಲ್ಲ.

ಶಿರಸಿ ಪೇಟಿ (ಶಿರಸಿ)

ಇದನ್ನು ಪೇಟಿಯ ಮೇಲೆ ನುಡಿಸಿ ನೋಡಿದೆ. ಎರಡನೆಯ ಬಾರಿನಲ್ಲಿ ಕೋಮಲ ನಿಷಾದ ಒಳಗೆ ಬರುತ್ತದೆ, ಮೂರನೆಯದರಲ್ಲಿ ಮಧ್ಯಮವೇ ಷಡ್ಜದ ಸ್ಥಾನಕ್ಕೆ ಏರುತ್ತದೆ, ನಾಲ್ಕನೆಯದರಲ್ಲಿ ಕೋಮಲ ಧೈವತ ಕಾಣಿಸಿಕೊಳ್ಳುತ್ತದೆ. ಷಡ್ಜವನ್ನು ಬದಲಿಸುವ ಈ ಕ್ರಮ ನಮ್ಮ ಮೂರ್ಛನೆಯೇ ಅಲ್ಲವೇ? ಹಾಗಾದರೆ ಈ-ಫ್ಲಾಟಿಗೆ ತಂಬೂರಿ ಆ್ಯಪ್ ಹಚ್ಚಿಕೊಂಡು ಅಭ್ಯಾಸ ಮಾಡಬಹುದು ಎಂದು ನನಗೆ ತೋರುತ್ತದೆ.

ಹೊನ್ನಾವರದ ಅಕ್ಕೋರು (ಹೊನ್ನಾವರ)

ಇಲ್ಲಿ ನಾನು ಒಪ್ಪುವುದಿಲ್ಲ. ಮೂರ್ಛನೆಯಲ್ಲಿ ಅವವೇ ಸ್ವರಗಳು ಉಳಿದು ಆಧಾರ ಮಾತ್ರ ಬದಲಾಗುತ್ತದೆ. ಇಲ್ಲಿ ಸ್ವರಗಳೇ ಬದಲಾಗಿವೆ. ಶುದ್ಧ ನಿಷಾದ ಹೋಗಿ ಕೋಮಲ ನಿಷಾದ ಬಂದದ್ದರಿಂದಲೇ ಮಧ್ಯಮ ಷಡ್ಜದಂತೆ ಕೇಳುತ್ತದೆ. ಅದೂ ಒಂದೇ ಬಾರಿನ ಮಟ್ಟಿಗೆ. ಐದನೆಯ ಬಾರಿನಲ್ಲಿ ಹಾಡು ತನ್ನ ಮನೆಗೆ, ಅಂದರೆ ಈ-ಫ್ಲಾಟಿಗೆ, ಹಿಂದಿರುಗುತ್ತದೆ, ಕೇಳುವವರಿಗೂ ಅಷ್ಟು ಹೊತ್ತು ಮನೆಯ ನೆನಪು ಹೋಗಿರುವುದಿಲ್ಲ.

ತಂಬೂರಿಯ ಬಗ್ಗೆಯೂ ಎಚ್ಚರಿಕೆ ಬೇಕು. ಮೊದಲ ಎಂಟು ಬಾರುಗಳಿಗೆ ಅದು ಹೇಗೋ ಹೊಂದಿಕೊಳ್ಳಬಹುದು. ಆದರೆ ಈ ಹಾಡಿನ ರಚನೆಯಲ್ಲಿ ಎಂಟೆಂಟು ಬಾರುಗಳ ನಾಲ್ಕು ಖಂಡಗಳಿವೆ; ಮೊದಲನೆಯದು, ಎರಡನೆಯದು ಮತ್ತು ನಾಲ್ಕನೆಯದು ಒಂದೇ ಧಾಟಿ, ಮೂರನೆಯದು ಮಾತ್ರ ಬೇರೆ. ಆ ಮೂರನೆಯ ಖಂಡದ ಉತ್ತರಾರ್ಧದಲ್ಲಿ ಎ ಮೈನರ್ 7, ಡಿ 7 ಎಂಬ ಕಾರ್ಡುಗಳು ಬರುತ್ತವೆ. ಅಲ್ಲಿ ತೀವ್ರ ಮಧ್ಯಮವೂ ಕೋಮಲ ಗಾಂಧಾರವೂ ಇವೆ, ಕಾರ್ಡಿನ ಬುಡವೇ ನಿಷಾದ. ಅದರ ಮೇಲೆ ಷಡ್ಜದ ತಂಬೂರಿ ಮೊಳಗುತ್ತಿದ್ದರೆ ಕಿವಿಗೆ ಸಹಿಸಲಾಗದ ಘರ್ಷಣೆಯಾಗುತ್ತದೆ.

ಶಿರಸಿ ಪೇಟಿ (ಶಿರಸಿ)

ಡಿ 7ರ ಜಾಗದಲ್ಲಿ ಷಡ್ಜವನ್ನು ಒತ್ತಿಹಿಡಿದು ನೋಡಿದೆ, ಅಕ್ಕೋರು ಹೇಳಿದ್ದು ನಿಜ. ತಂಬೂರಿಯ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಮೊದಲ ನಾಲ್ಕು ಬಾರುಗಳನ್ನು ಸ್ವರದ ಹೆಸರಿಟ್ಟು ಗುರುತಿಸುವುದರಿಂದ ನಮ್ಮವರಿಗೆ ಉಪಯೋಗವಿದೆ ಎಂಬ ಮಾತನ್ನು ಬಿಡುವುದಿಲ್ಲ. ಕೋಮಲ ನಿಷಾದದ ಬಣ್ಣ ಗೊತ್ತಿರುವವನಿಗೆ ಎರಡನೆಯ ಬಾರು ಬಂದದ್ದು ತಕ್ಷಣ ತಿಳಿಯುತ್ತದೆ.

ಹೊನ್ನಾವರದ ಅಕ್ಕೋರು (ಹೊನ್ನಾವರ)

ಅದರಲ್ಲಿ ಎರಡು ಮಾತಿಲ್ಲ. ನನ್ನ ವಿದ್ಯಾರ್ಥಿಗಳಿಗೂ ಹಾಗೆಯೇ ಹೇಳಿಕೊಡುತ್ತೇನೆ.

ಕುಮಟಾ ತಂತಿ (ಕುಮಟಾ)

ಶ್ರುತಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ವಾದ್ಯಗಳ ರಿಪೇರಿ ನನ್ನ ಕೆಲಸ. ಬೇರೆ ಶ್ರುತಿಗೆ ಹೋಗುವ ಬದಲು ಗಿಟಾರನ್ನೇ ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿಕೊಳ್ಳಿ, ಅಂದರೆ ಆರೂ ತಂತಿಗಳನ್ನು ಒಂದೊಂದು ಫ್ರೆಟ್ಟಿನಷ್ಟು ಇಳಿಸಿ. ಆಗ ಈ-ಮೇಜರಿನ (E) ಕಾರ್ಡುಗಳನ್ನು ಹಿಡಿದರೆ ಕೇಳುವುದು ಈ-ಫ್ಲಾಟ್. ಹಾಡಿನ ಷಡ್ಜ ತೆರೆದ ಆರನೆಯ ತಂತಿಯಲ್ಲಿ, ಮಧ್ಯಮ ತೆರೆದ ಐದನೆಯ ತಂತಿಯಲ್ಲಿ, ಕೋಮಲ ನಿಷಾದ ತೆರೆದ ನಾಲ್ಕನೆಯ ತಂತಿಯಲ್ಲಿ ಸಿಗುತ್ತವೆ. ನಾಲ್ಕನೆಯ ಬಾರಿನ ಎರಡೂ ಕಾರ್ಡುಗಳಿಗೆ ಮಂದ್ರ ಸ್ವರ ತೆರೆದ ತಂತಿಯದೇ ಆಗುವುದರಿಂದ ಎಡಗೈ ಪೂರ್ತಿ ಧಾಟಿಗೆ ಬಿಡುವಾಗುತ್ತದೆ. ತಂತಿಯ ಬಿಗಿ ಕಡಿಮೆಯಾಗುವುದರಿಂದ ಒತ್ತುವುದೂ ಸುಲಭ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಜೂನ್ ತಿಂಗಳಿಂದ ಗಾಳಿಯ ತೇವ ಏರಿ, ಅಕೌಸ್ಟಿಕ್ ಗಿಟಾರಿನ ಮೇಲ್ಹಲಗೆ ಉಬ್ಬುತ್ತದೆ. ಅದರ ಮೇಲೆ ತಂತಿಗಳನ್ನು ಹಿಡಿದಿರುವ ಬ್ರಿಡ್ಜ್ ಮೇಲೆದ್ದು ತಂತಿಗೂ ಫ್ರೆಟ್ಟಿಗೂ ನಡುವಿನ ಅಂತರ ಹೆಚ್ಚುತ್ತದೆ. ಗಿಟಾರಿಗೆ ಒಗ್ಗುವ ತೇವ ಸುಮಾರು ಶೇಕಡಾ 45ರಿಂದ 55. ಮಳೆಗಾಲದಲ್ಲಿ ನಮ್ಮಲ್ಲಿ ಅದು ಶೇಕಡಾ 80ನ್ನು ದಾಟಿ ದಿನಗಟ್ಟಲೆ ಹಾಗೆಯೇ ನಿಂತಿರುತ್ತದೆ. ಗೋಡೆಗೆ ತೂಗುಹಾಕದೆ ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ, ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ. ಉಪ್ಪುಗಾಳಿಗೆ ಉಕ್ಕಿನ ತಂತಿ ಬಹುಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ತಂತಿಯಲ್ಲಿ ಸ್ವರದ ಮೊಳಗು ಬೇಗ ಆರಿಹೋಗುತ್ತದೆ. ಬ್ಯಾಲಡಿಗೆ ಬೇಕಾದದ್ದು ಆ ಮೊಳಗೇ. ಕಾಳಿತೀರ ಅವರ ಹಾಡು ತುಂಡು ತುಂಡಾಗಿ ಕೇಳುವುದಕ್ಕೆ ಹಳೆಯ ತಂತಿಯೂ ಒಂದು ಕಾರಣವಾಗಿರಬಹುದು.

ಅಂಕೋಲೆಯ ಶ್ರೋತೃ (ಅಂಕೋಲಾ)

ಇಷ್ಟು ಕಷ್ಟ ಬೇಡ, ಮೂರನೆಯ ಫ್ರೆಟ್ಟಿಗೆ ಕೇಪೊ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ ಸಿ ಮೇಜರಿನ ಕಾರ್ಡುಗಳನ್ನು ಹಿಡಿದರೂ ಈ-ಫ್ಲಾಟೇ ಬರುತ್ತದೆ.

ಕುಮಟಾ ತಂತಿ (ಕುಮಟಾ)

ಬರುತ್ತದೆ, ಆದರೆ ಮಂದ್ರದ ಮೂರು ಅರ್ಧ ಸ್ವರಗಳು ಕೈಬಿಟ್ಟುಹೋಗುತ್ತವೆ. ಒಬ್ಬರೇ ನುಡಿಸುವಾಗ ಆ ಗಂಭೀರವಾದ ತಳದನಿ ಇಲ್ಲದಿದ್ದರೆ ಹಾಡು ತೆಳುವಾಗುತ್ತದೆ.

ಮಡಗಾಂವ್ ಗಾಡಿ (ಕಾರವಾರ, ಸದ್ಯ ಗೋವಾ)

ಮನೆಯಲ್ಲಿ ಒಬ್ಬರೇ ನುಡಿಸುವುದಾದರೆ ಕುಮಟಾ ತಂತಿಯವರ ಉಪಾಯ ಬಹಳ ಚೆನ್ನಾಗಿದೆ. ನಾಳೆ ಬೇರೆಯವರೊಡನೆ ಕೂತು ನುಡಿಸುವ ಆಸೆ ಇದ್ದರೆ ಮಾತ್ರ ಸಾಮಾನ್ಯ ಶ್ರುತಿಯಲ್ಲಿಯೇ ಈ-ಫ್ಲಾಟನ್ನು ಕಲಿಯಿರಿ. ಆಲ್ಟೋ ಸ್ಯಾಕ್ಸೊಫೋನ್ ಈ-ಫ್ಲಾಟ್ ವಾದ್ಯ, ಟೆನರ್ ಸ್ಯಾಕ್ಸೊಫೋನ್ ಮತ್ತು ತುತ್ತೂರಿ ಬಿ-ಫ್ಲಾಟ್ ವಾದ್ಯಗಳು. ಆದ್ದರಿಂದ ಜಾಝಿನ ಹಳೆಯ ಹಾಡುಗಳಲ್ಲಿ ಬಹುಪಾಲು ಇಂಥ ಶ್ರುತಿಗಳಲ್ಲೇ ಇವೆ. ಗಿಟಾರಿಗೆ ಅನುಕೂಲವಾಗಲೆಂದು ಯಾರೂ ಜಿ ಮೇಜರಿಗೆ ಬದಲಾಯಿಸುವುದಿಲ್ಲ. ಮೇಲೆ ಕೊಟ್ಟ ಮೂರು ಸ್ವರದ ಕಾರ್ಡುಗಳಲ್ಲಿ ತೆರೆದ ತಂತಿ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಒಮ್ಮೆ ಕೈಗೆ ಬಂದರೆ ಯಾವ ಫ್ರೆಟ್ಟಿಗೆ ಸರಿಸಿದರೂ ಅವೇ ಸಾಗುತ್ತವೆ, ಗಾಯಕರು ಬೇರೆ ಶ್ರುತಿ ಕೇಳಿದರೂ ಹೆದರಬೇಕಾಗಿಲ್ಲ.

ಯಲ್ಲಾಪುರದ ಓದುಗ (ಯಲ್ಲಾಪುರ)

ವಿಷಯಕ್ಕೆ ಹೊಂದಿಕೊಂಡೇ ಒಂದು ಪ್ರಶ್ನೆ ಕೇಳುತ್ತೇನೆ. ಇಷ್ಟು ಶ್ರಮವನ್ನು ನಮ್ಮ ನೆಲದ ಸಂಗೀತಕ್ಕೆ ಹಾಕಬಾರದೇಕೆ? ಬ್ರಿಜ್ ಭೂಷಣ್ ಕಾಬ್ರಾ ಅವರು ಗಿಟಾರಿನಲ್ಲಿಯೇ ರಾಗಗಳನ್ನು ನುಡಿಸಿ ತೋರಿಸಿದ್ದಾರಲ್ಲ.

ಮಡಗಾಂವ್ ಗಾಡಿ (ಕಾರವಾರ, ಸದ್ಯ ಗೋವಾ)

ಕಾಬ್ರಾ ಅವರ ಬಗ್ಗೆ ನನಗೂ ಅಪಾರ ಗೌರವವಿದೆ, ಆದರೆ ಅವರದು ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ಮೀಂಡ್ ತರುವ ವಾದನ. ಈಗಿನ ಪ್ರಶ್ನೆಯೇ ಬೇರೆ. ಇನ್ನು ಜಾಝ್ ಪರಕೀಯ ಎನ್ನುವ ಮಾತನ್ನು ಕಾಳಿ ನದಿಯ ಈ ದಡದಲ್ಲಿ ನಿಂತು ಒಪ್ಪುವುದು ನನಗೆ ಕಷ್ಟ. ನಮ್ಮ ಗಡಿಯಾಚೆಯ ಗೋವಾದಿಂದ ಮುಂಬಯಿಗೆ ಹೋದ ವಾದಕರು ಅಲ್ಲಿನ ಹೋಟೆಲುಗಳಲ್ಲಿ ಜಾಝ್ ನುಡಿಸಿದರು, ಹಗಲಿನಲ್ಲಿ ಹಿಂದಿ ಚಿತ್ರಗಳ ವಾದ್ಯವೃಂದಗಳಲ್ಲಿ ಕೂತರು. ತುತ್ತೂರಿಯ ಚಿಕ್ ಚಾಕೊಲೇಟ್, ವಾದ್ಯಸಂಯೋಜನೆ ಮಾಡುತ್ತಿದ್ದ ಸೆಬಾಸ್ಟಿಯನ್ ಡಿಸೋಜಾ, ಮಾಜೊರ್ಡಾದ ಪಿಟೀಲು ವಾದಕ ಆಂಥನಿ ಗೊನ್ಸಾಲ್ವಿಸ್ ಇವರೆಲ್ಲ ಆ ಸಾಲಿನವರು. ಬೆಂಗಳೂರಿನಲ್ಲಿ ಹುಟ್ಟಿ ಕೋಲ್ಕತಾದಲ್ಲಿ ನೆಲೆಸಿದ ಕಾರ್ಲ್ಟನ್ ಕಿಟ್ಟೊ 2016ರಲ್ಲಿ ತೀರಿಕೊಳ್ಳುವವರೆಗೂ ಗಿಟಾರಿನಲ್ಲಿ ಜಾಝನ್ನೇ ನುಡಿಸಿದರು, ಕಲಿಸಿದರು. ಕಾಳಿತೀರ ಅವರು ಬಾಲ್ಯದಿಂದ ಸಾಥ್ ಕೊಟ್ಟ ಹಳೆಯ ಹಿಂದಿ ಹಾಡುಗಳ ಕಾರ್ಡುಗಳು ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದರೆ ಇಲ್ಲಿಗೇ ತಲುಪುತ್ತೇವೆ.

ಯಲ್ಲಾಪುರದ ಓದುಗ (ಯಲ್ಲಾಪುರ)

ಚಿತ್ರಗೀತೆಗಳ ಕಡೆಯಿಂದ ನಾನು ಯೋಚಿಸಿರಲಿಲ್ಲ. ಧನ್ಯವಾದ.

ದಾಂಡೇಲಿ ಕಾಡು (ದಾಂಡೇಲಿ)

ಲಯದ ಪ್ರಶ್ನೆ ಉಳಿದುಕೊಂಡಿದೆ.

ಹೊನ್ನಾವರದ ಅಕ್ಕೋರು (ಹೊನ್ನಾವರ)

ನಿಧಾನ ಲಯವೇ ಬ್ಯಾಲಡಿನಲ್ಲಿ ಅತಿ ಕಷ್ಟದ ಭಾಗ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ದೊಡ್ಡ ಖಾಲಿ ಜಾಗ ಇರುವುದರಿಂದ ಕೈ ಆತುರಪಟ್ಟು ಓಡುತ್ತದೆ. ಮೆಟ್ರೊನೋಮನ್ನು (ಲಯ ಬಡಿಯುವ ಯಂತ್ರವನ್ನು) ನಿಮಿಷಕ್ಕೆ 60 ಬಡಿತಕ್ಕೆ ಇಡುವ ಬದಲು 30ಕ್ಕೆ ಇಡಿ, ಆ ಬಡಿತಗಳನ್ನು ಬಾರಿನ ಎರಡನೆಯ ಮತ್ತು ನಾಲ್ಕನೆಯ ಎಣಿಕೆ ಎಂದು ಭಾವಿಸಿ. ಒಂದು ಮತ್ತು ಮೂರನೆಯ ಎಣಿಕೆಯನ್ನು ನಿಮ್ಮೊಳಗೆ ನೀವೇ ಇಟ್ಟುಕೊಳ್ಳಬೇಕಾಗುತ್ತದೆ. ಆರಂಭದಲ್ಲಿ ಬಹಳ ಸಿಟ್ಟು ಬರುತ್ತದೆ, ಆದರೆ ಲಯವನ್ನು ಯಂತ್ರದ ಕೈಯಿಂದ ನಿಮ್ಮ ಕೈಗೆ ತರುವ ದಾರಿ ಇದೇ.

ಶಿರಸಿ ಪೇಟಿ (ಶಿರಸಿ)

ವಿಲಂಬಿತ್ ಖಯಾಲಿಗೆ ಸಾಥ್ ಕೊಟ್ಟವನಾಗಿ ಇದನ್ನು ಅನುಮೋದಿಸುತ್ತೇನೆ. ತಬಲಾದ ಠೇಕಾ ಅಚಲವಾಗಿ ನಡೆಯುತ್ತಿರುವಾಗ ಗಾಯಕರು ಅದರ ಮೇಲೆ ಹಿಂದೆ ಮುಂದೆ ತೇಲುತ್ತಾರೆ. ಠೇಕಾವೂ ತೇಲತೊಡಗಿದರೆ ಕಛೇರಿ ಮುಗಿದಂತೆ.

ಮಡಗಾಂವ್ ಗಾಡಿ (ಕಾರವಾರ, ಸದ್ಯ ಗೋವಾ)

ಪೇಟಿಯವರು ಗಾರ್ನರನ ವಾದನದ ತಿರುಳನ್ನೇ ಹೇಳಿಬಿಟ್ಟರು. ಅವನ ಎಡಗೈ ಗಿಟಾರಿನ ತಾಳದಂತೆ ಬಡಿತಕ್ಕೊಂದು ಕಾರ್ಡನ್ನು ಸಮನಾಗಿ ಇಡುತ್ತ ಹೋಗುತ್ತದೆ, ಬಲಗೈಯ ಧಾಟಿ ಅದಕ್ಕಿಂತ ಚೂರು ತಡವಾಗಿ ಬರುತ್ತದೆ. ಆ ತಡವೇ ಅವನ ಗುರುತು. ಗಿಟಾರಿನಲ್ಲಿ ಇದನ್ನು ಮಾಡಬೇಕಾದರೆ ಹೆಬ್ಬೆರಳಿನ ಮಂದ್ರ ಸ್ವರ ಬಡಿತದ ಮೇಲೆ ಸರಿಯಾಗಿ ಬೀಳಬೇಕು, ಧಾಟಿಯ ಸ್ವರ ಸ್ವಲ್ಪ ಆಮೇಲೆ ಬರಬೇಕು. ಟ್ಯಾಬಿನಲ್ಲಿ ಎರಡನ್ನೂ ಒಂದರ ಕೆಳಗೆ ಒಂದು ಬರೆದಿರುತ್ತಾರೆ, ಓದಿದವರು ಎರಡನ್ನೂ ಒಟ್ಟಿಗೆ ಕಿತ್ತು ಎಳೆಯುತ್ತಾರೆ. ಕಾಳಿತೀರ ಅವರು ಮೊದಲ ಪೋಸ್ಟಿನಲ್ಲಿ ಹೇಳಿದ 'ಕಾರ್ಡುಗಳ ಸಾಲು' ಹುಟ್ಟುವುದು ಅಲ್ಲಿಯೇ ಎಂದು ನನಗೆ ಬಹುತೇಕ ಖಚಿತವಿದೆ.

ಇನ್ನೊಂದು ಮಾತು: ಪ್ರತಿ ಸ್ವರದ ಕೆಳಗೂ ಕಾರ್ಡು ಬೇಕಿಲ್ಲ. ಬಾರಿಗೆ ಒಂದೋ ಎರಡೋ ಸಾಕು. ಜಾಝ್ ಗಿಟಾರ್ ವಾದಕ ಜೋ ಪಾಸ್ 1973ರಲ್ಲಿ ಒಬ್ಬರೇ ಕೂತು ಧ್ವನಿಮುದ್ರಿಸಿದ ಹಾಡುಗಳನ್ನು ಕೇಳಿದರೆ, ಅಷ್ಟು ಕಾರ್ಡುಗಳನ್ನು ಬಲ್ಲವರೂ ಎಷ್ಟೋ ಕಡೆ ಒಂಟಿ ಸ್ವರದಲ್ಲೇ ಸಾಗುವುದು ತಿಳಿಯುತ್ತದೆ.

ಅಂಕೋಲೆಯ ಶ್ರೋತೃ (ಅಂಕೋಲಾ)

ಆರಂಭದ ಮೂರು ಸ್ವರಗಳನ್ನಾದರೂ ಎಲ್ಲಿ ನುಡಿಸಬೇಕು ಎಂದು ತಿಳಿಸಿ. ನಾನೂ ಗಿಟಾರ್ ಕೈಗೆತ್ತಿಕೊಂಡು ಕೂತಿದ್ದೇನೆ.

ಮಡಗಾಂವ್ ಗಾಡಿ (ಕಾರವಾರ, ಸದ್ಯ ಗೋವಾ)

ಸಂತೋಷ. ಮೊದಲ ತಂತಿಯ 6ನೇ ಫ್ರೆಟ್ಟಿನಲ್ಲಿ ಬಿ-ಫ್ಲಾಟ್, ಅದೇ ತಂತಿಯ 3ರಲ್ಲಿ ಜಿ, ಎರಡನೆಯ ತಂತಿಯ 3ರಲ್ಲಿ ಡಿ. ಆ ಬಿ-ಫ್ಲಾಟನ್ನು ಕಿರುಬೆರಳಿನಿಂದ ನುಡಿಸಿ, ಆಮೇಲೆ ಮೂರನೆಯ ಫ್ರೆಟ್ಟಿನಲ್ಲಿ ಒಂದೇ ಬೆರಳನ್ನು ಮೊದಲ ಮೂರು ತಂತಿಗಳ ಮೇಲೆ ಮಲಗಿಸಿ. ಡಿ ಬಂದಾಗ ಮೂರನೆಯ ತಂತಿಯ ಬಿ-ಫ್ಲಾಟ್ ಕೂಡ ಆ ಮಲಗಿದ ಬೆರಳಿನ ಕೆಳಗೇ ಸಿದ್ಧವಾಗಿರುತ್ತದೆ. ತಳದನಿಗೆ ಈ-ಫ್ಲಾಟ್ ಬೇಕು, ಅದು ನಾಲ್ಕನೆಯ ತಂತಿಯ 1ನೇ ಫ್ರೆಟ್ಟಿನಲ್ಲಿದೆ. ಅಲ್ಲಿಗೆ ತೋರುಬೆರಳು ಹೋಗಬೇಕಾದ್ದರಿಂದ ಮಲಗಿಸುವುದು ಉಂಗುರದ ಬೆರಳಾಗಿರಲಿ. ಜಿಯನ್ನು ಬೇಗ ಎತ್ತಿಬಿಡಬೇಡಿ, ಅದು ಮೊಳಗುತ್ತ ಉಳಿದರೆ ಕಾರ್ಡಿಗೆ ಬೇಕಾದ ಮೂರನೆಯ ಸ್ವರ ತಾನೇ ಸಿಗುತ್ತದೆ. ಹಾಡಿನ ಮೊದಲ ಬಾರಿನಲ್ಲಿ ಇಷ್ಟು ಸಾಕು, ಮತ್ತೊಂದು ಸ್ವರವನ್ನೂ ಸೇರಿಸಬೇಡಿ.

ಅಂಕೋಲೆಯ ಶ್ರೋತೃ (ಅಂಕೋಲಾ)

ನುಡಿಸಿದೆ. ನಾಲ್ಕೇ ತಂತಿಗಳಲ್ಲಿ ಇಷ್ಟು ತುಂಬಿದ ನಾದ ಬರುತ್ತದೆಂದು ಎಣಿಸಿರಲಿಲ್ಲ. ಆದರೂ ಹೊಸಬರಿಗೆ ಟ್ಯಾಬ್ ಒಂದು ಊರುಗೋಲು ಎಂಬ ನನ್ನ ವಾದವನ್ನು ಬಿಟ್ಟಿಲ್ಲ. ಈಗ ತಾವು ಬರೆದದ್ದೂ ಮಾತಿನಲ್ಲಿರುವ ಟ್ಯಾಬೇ ಅಲ್ಲವೇ?

ಮಡಗಾಂವ್ ಗಾಡಿ (ಕಾರವಾರ, ಸದ್ಯ ಗೋವಾ)

ಒಪ್ಪಿದೆ. ಮೊದಲು ಪ, ಗ, ಮಂದ್ರ ನಿ ಎಂದು ಹಾಡಿಕೊಂಡು ಆಮೇಲೆ ಅದನ್ನು ಓದಿದರೆ ನನ್ನ ತಕರಾರಿಲ್ಲ.

ಕಾಳಿತೀರ (ಕಾರವಾರ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಉತ್ತರಿಸಲು ತಡಮಾಡಿದ್ದಕ್ಕೆ ಕಾರಣ, ಹೇಳಿದ್ದನ್ನೆಲ್ಲ ಮಾಡಿ ನೋಡಿಯೇ ಬರೆಯಬೇಕೆಂದಿದ್ದೆ. ಹೊಸ ತಂತಿ ಹಾಕಿಸಿದೆ. ಟ್ಯಾಬನ್ನು ಮುಚ್ಚಿಟ್ಟು ಹಾಡತೊಡಗಿದೆ. ಮೊದಲ, ಎರಡನೆಯ ಮತ್ತು ನಾಲ್ಕನೆಯ ಖಂಡಗಳು ಬಾಯಿಗೆ ಬಂದವು, ಮೂರನೆಯ ಖಂಡದ ಎ ಮೈನರ್ 7 ಬರುವ ಕಡೆ ಪ್ರತಿ ಸಲವೂ ದನಿ ಜಾರುತ್ತದೆ. ಗಿಟಾರಿನಲ್ಲಿ ನನ್ನ ಹಾಡು ಒಡೆಯುವುದೂ ಅಲ್ಲಿಯೇ. ಎರಡು ತಂತಿಗಳ ನಡಿಗೆಯನ್ನು ಮಾತ್ರ ಮೀಟುತ್ತ ಅದರ ಮೇಲೆ ಬಾಯಿಂದ ಧಾಟಿಯನ್ನು ಹಾಡಿದಾಗ, ಇದು ಯಾವ ಹಾಡು ಎಂದು ಮನೆಯವರು ಮೊದಲ ಸಲ ಕೇಳಿದರು.

ಎರಡು ಸಂದೇಹ ಉಳಿದಿವೆ. ಮೂರನೆಯ ಖಂಡದಲ್ಲಿ ದನಿ ಜಾರದಂತೆ ಏನು ಮಾಡಬೇಕು? ಹಾಡನ್ನು ಮುಗಿಸುವಾಗ ಈ-ಫ್ಲಾಟ್ ಮೇಜರ್ 7 ಹಿಡಿದು ಮೇಲೆ ಷಡ್ಜವನ್ನು ನುಡಿಸಿದರೆ ಒರಟಾಗಿ ಕೇಳುತ್ತದೆ, ಅದೇಕೆ?

ಹೊನ್ನಾವರದ ಅಕ್ಕೋರು (ಹೊನ್ನಾವರ)

ಮೂರನೆಯ ಖಂಡಕ್ಕೆ ಧಾಟಿಯನ್ನು ಸದ್ಯ ಬಿಡಿ. ಕಾರ್ಡುಗಳ ಮೂಲ ಸ್ವರಗಳನ್ನು ಮಾತ್ರ ಹಾಡಿ: ಬಿ-ಫ್ಲಾಟ್, ಈ-ಫ್ಲಾಟ್, ಎ-ಫ್ಲಾಟ್, ಅಲ್ಲಿಂದ ಅರ್ಧ ಸ್ವರ ಮೇಲಿನ ಎ. ಆ ಅರ್ಧ ಸ್ವರದ ಏರಿಕೆಯೇ ತಮ್ಮನ್ನು ಬೀಳಿಸುತ್ತಿದೆ. ಮಧ್ಯಮದಿಂದ ತೀವ್ರ ಮಧ್ಯಮಕ್ಕೆ ಎಂದು ತಿಳಿದು ಹಾಡಿದರೆ ಹಿಡಿತ ಸಿಗುತ್ತದೆ. ಅದು ಗಟ್ಟಿಯಾದ ಮೇಲೆ ಧಾಟಿಯನ್ನು ಅದರ ಮೇಲಿಡಿ.

ಕುಮಟಾ ತಂತಿ (ಕುಮಟಾ)

ಹೊಸ ತಂತಿ ಹಾಕಿದ ಮೊದಲ ಕೆಲವು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ. ಪ್ರತಿ ಸಲ ಕೂತಾಗಲೂ ಶ್ರುತಿ ನೋಡಿಕೊಳ್ಳಿ, ಇಲ್ಲದಿದ್ದರೆ ಕಿವಿಯೇ ತಪ್ಪು ಕಲಿಯುತ್ತದೆ.

ಮಡಗಾಂವ್ ಗಾಡಿ (ಕಾರವಾರ, ಸದ್ಯ ಗೋವಾ)

ಮುಕ್ತಾಯದ ಬಗ್ಗೆ: ಮೇಜರ್ 7ರ ಒಳಗೆ ನಿಷಾದವಿದೆ. ಮೇಲೆ ಷಡ್ಜವಿಟ್ಟರೆ ಎರಡಕ್ಕೂ ಅರ್ಧ ಸ್ವರದ ತಿಕ್ಕಾಟವಾಗುತ್ತದೆ. ಅಲ್ಲಿ ಈ-ಫ್ಲಾಟ್ 6 ಹಿಡಿಯಿರಿ, ಅಂದರೆ ನಿಷಾದವನ್ನು ತೆಗೆದು ಧೈವತವನ್ನು ಇಡಿ. ಮೂರು ಸ್ವರದ ಕಾರ್ಡಿನಲ್ಲಿ ಮೂರನೆಯ ತಂತಿಯ 7ನೇ ಫ್ರೆಟ್ಟನ್ನು 5ಕ್ಕೆ ಇಳಿಸಿದರೆ ಆಯಿತು. ಮೇಲಿನ ಷಡ್ಜ ಎರಡನೆಯ ತಂತಿಯ 4ರಲ್ಲಿದೆ, ಕೈಗೆ ಸಲೀಸಾಗಿ ಎಟುಕುತ್ತದೆ.

ಶಿರಸಿ ಪೇಟಿ (ಶಿರಸಿ)

ಕಾಳಿತೀರ ಅವರು ನುಡಿಸಿದ್ದನ್ನು ದಯವಿಟ್ಟು ಧ್ವನಿಮುದ್ರಿಸಿ ಇಲ್ಲಿ ಹಾಕಿ. ಮೂರನೆಯ ಖಂಡ ಇನ್ನೂ ಗಟ್ಟಿಯಾಗಿರದಿದ್ದರೂ ಅಡ್ಡಿಯಿಲ್ಲ, ಮೊದಲ ಎಂಟು ಬಾರುಗಳನ್ನಾದರೂ ಕೇಳುವ ಆಸೆ ನಮಗೆಲ್ಲರಿಗೂ ಇದೆ.